ಮಾಮೋಳ ಅಡುಗೆಮನೆಯಲ್ಲಿ ಇಂಗ್ಲಿಷ್ ಇಲ್ಲ

ನನಗೆ ಒಂಬತ್ತು ತುಂಬುವ ಹೊತ್ತಿಗೆ ಐರಿಷ್ ಭಾಷೆ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಕನ್ನಡ ಬರುತ್ತಿರಲಿಲ್ಲ. ಇದನ್ನು ಯಾವ ಕನ್ನಡದವರ ಮುಂದೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ನಿಮ್ಮ ಅಪ್ಪ ಅಮ್ಮ ಏನು ಮಾಡುತ್ತಿದ್ದರು ಎಂದು ಕೇಳುತ್ತಾರೆ. ಏನು ಮಾಡುತ್ತಿದ್ದರು ಎಂದರೆ, ದೊಡ್ಡವರು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಡಾಕ್ಟರು ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಿ ಎಂದರೆ ಅಪ್ಪ ಗಡಿಯಾರ ಎದುರಿಗಿಟ್ಟುಕೊಂಡು ಕೂರುತ್ತಿದ್ದರು, ತಟ್ಟೆಯಲ್ಲಿ ಅನ್ನ ಆರಿ ತಣ್ಣಗಾದರೂ ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಕೈ ಹಾಕುತ್ತಿರಲಿಲ್ಲ. ಅಂಥವರ ಮನೆಯಲ್ಲಿ ಹುಟ್ಟಿದ್ದರಿಂದಲೇ ನನಗೆ ಈ ಗತಿ ಬಂತು, ಅಥವಾ ಈ ಭಾಗ್ಯ ಬಂತು. ಯಾವುದು ಎಂದು ಇಷ್ಟು ವಯಸ್ಸಾದರೂ ತೀರ್ಮಾನವಾಗಿಲ್ಲ.

ನಮ್ಮ ಮನೆ ಮಿಲ್ಪಿಟಾಸ್‌ನಲ್ಲಿತ್ತು. ಎಂಬತ್ತರ ದಶಕದಲ್ಲಿ ಅಲ್ಲಿ ಈಗಿನ ಹಾಗೆ ಸಾಲು ಸಾಲು ಇಂಡಿಯನ್ ಅಂಗಡಿಗಳಿರಲಿಲ್ಲ. ತೊಗರಿಬೇಳೆ ಬೇಕೆಂದರೆ ಶನಿವಾರ ಕಾರು ತೆಗೆದು ಫ್ರೀವೇ ಹತ್ತಬೇಕಿತ್ತು. ಒಂದೇ ಅಂತಸ್ತಿನ ಮನೆ, ಕಂದು ಕಾರ್ಪೆಟ್ಟು, ಹಿಂದೆ ಒಂದು ನಿಂಬೆ ಗಿಡ. ದೇವರ ಮನೆಗೆ ಜಾಗವಿಲ್ಲದೆ ಟವಲ್ಲು, ಬೆಡ್‌ಶೀಟು ಇಡುವ ಕ್ಲಾಸೆಟ್ಟಿನಲ್ಲಿ ಮೇಲಿನ ಎರಡು ಹಲಗೆ ದೇವರಿಗೆ, ಕೆಳಗಿನ ಮೂರು ಟವಲ್ಲಿಗೆ ಎಂದು ಪಾಲಾಗಿತ್ತು. ಅಪ್ಪ ಧಾರವಾಡದವರು, ಅಮ್ಮ ಮೈಸೂರಿನವಳು. ಆ ಮನೆಯ ಮೊದಲ ಜಗಳಗಳೆಲ್ಲ ಇದೇ ವಿಷಯಕ್ಕೆ. ಅಮ್ಮನಿಗೆ ರಾತ್ರಿ ಅನ್ನ ಹುಳಿ ಇಲ್ಲದಿದ್ದರೆ ಊಟವಲ್ಲ, ಅಪ್ಪನಿಗೆ ರೊಟ್ಟಿ ಇಲ್ಲದಿದ್ದರೆ ಊಟವಲ್ಲ. ಅಮ್ಮ ‘ಬನ್ನಿ’ ಎಂದರೆ ಅಪ್ಪ ‘ಬರ್ರಿ’ ಎನ್ನುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ, ನಮ್ಮಲ್ಲಿ ಉಣ್ಣುವುದೇ ಜಗಳದ ಕಾರಣವಾದ್ದರಿಂದ ಅದು ಮಲಗಿದ ಮೇಲೂ ಸ್ವಲ್ಪ ಹೊತ್ತು ನಡೆಯುತ್ತಿತ್ತು. ನಾನು ಮಧ್ಯದಲ್ಲಿ ಕೂತು ಎರಡೂ ಕನ್ನಡ ಕೇಳುತ್ತಿದ್ದೆ, ಯಾವುದನ್ನೂ ಆಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ನಾನು ಮಾತು ಕಮ್ಮಿಯ ಮಗು.

ಕಿಂಡರ್‌ಗಾರ್ಟನ್ನಿಗೆ ಸೇರಿದ ಮೇಲೆ ಆ ಮೌನ ಶಾಲೆಯವರ ಕಣ್ಣಿಗೆ ಬಿತ್ತು. ಟೀಚರು ಅಪ್ಪ ಅಮ್ಮನನ್ನು ಕರೆಸಿ, ಮಗುವಿನ ತಲೆಯಲ್ಲಿ ಎರಡು ಭಾಷೆ ಗಲಿಬಿಲಿಯಾಗಿದೆ, ಮನೆಯಲ್ಲಿ ಇನ್ನು ಮುಂದೆ ಇಂಗ್ಲಿಷ್ ಮಾತ್ರ ಆಡಿ ಎಂದರು. ಆ ಕಾಲದಲ್ಲಿ ಟೀಚರುಗಳು ಹೀಗೆ ಹೇಳುತ್ತಿದ್ದರು, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಬೇರೆ ತಂದೆ ತಾಯಿಯರು ಹೂಂ ಎಂದು ಮನೆಗೆ ಬಂದು ತಮ್ಮ ಪಾಡಿಗೆ ತಾವು ಇರುತ್ತಿದ್ದರು. ನಮ್ಮ ಅಪ್ಪ ಅದೇ ಸಂಜೆ ಆಫೀಸಿನ ಗ್ರಾಫ್ ಪೇಪರಿನ ಮೇಲೆ ದಪ್ಪಕ್ಷರದಲ್ಲಿ ಓನ್ಲಿ ಇಂಗ್ಲಿಷ್ ಎಂದು ಬರೆದು ರೆಫ್ರಿಜರೇಟರಿನ ಬಾಗಿಲಿಗೆ ಅಂಟಿಸಿದರು. ಕನ್ನಡ ಆಡಿ ಸಿಕ್ಕಿಬಿದ್ದವರು ಆವತ್ತಿನ ಪಾತ್ರೆ ತೊಳೆಯಬೇಕು. ಮೊದಲ ತಿಂಗಳು ಪಾತ್ರೆಯೆಲ್ಲ ಅಮ್ಮನೇ ತೊಳೆದಳು, ಏಕೆಂದರೆ ಬೈಯುವುದಕ್ಕೆ ಅವಳಿಗೆ ಇಂಗ್ಲಿಷ್ ಸಾಲುತ್ತಿರಲಿಲ್ಲ. ಬರಬರುತ್ತಾ ಬೈಯುವುದನ್ನೇ ಬಿಟ್ಟಳು. ಬೆಳಿಗ್ಗೆ ಕ್ಲಾಸೆಟ್ಟಿನ ಬಾಗಿಲು ತೆರೆದು ದೇವರ ಹತ್ತಿರ ಐದು ನಿಮಿಷ ಕನ್ನಡದಲ್ಲಿ ಪಿಸುಗುಟ್ಟಿ ಬಾಗಿಲು ಹಾಕಿದರೆ ಮುಗಿಯಿತು, ಆಮೇಲೆ ದಿನವಿಡೀ ‘ಈಟ್’, ‘ಕಮ್’, ‘ಹೋಮ್‌ವರ್ಕ್ ಡನ್?’ ಅಷ್ಟೇ. ಅಮ್ಮ ನಗಿಸುವುದರಲ್ಲಿ ಎತ್ತಿದ ಕೈ ಎಂದು ಮೈಸೂರಿನವರೆಲ್ಲ ಹೇಳುತ್ತಿದ್ದರು. ನಾನು ನಂಬಿರಲಿಲ್ಲ.

ನನಗೆ ಆರು ವರ್ಷವಾದಾಗ ಅಮ್ಮನಿಗೆ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಶಾಲೆ ಬಿಟ್ಟ ಮೇಲೆ ಸಂಜೆ ಆರರವರೆಗೆ ನನ್ನನ್ನು ನೋಡಿಕೊಳ್ಳಲು ಪಕ್ಕದ ಮನೆಯ ಮಿಸೆಸ್ ಕನೀಲಿ ಒಪ್ಪಿದಳು. ಎಪ್ಪತ್ತು ದಾಟಿದ ಐರಿಷ್ ಹೆಂಗಸು, ಎತ್ತರದ ಆಳು, ಬಿಳಿ ಕೂದಲು, ಗಂಡಸರ ಸ್ವೆಟರು. ಗಂಡ ಕಾರಿನ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡಿದ್ದ. ಐದು ಮಕ್ಕಳೂ ದೊಡ್ಡವರಾಗಿ ಬೇರೆ ಬೇರೆ ಊರು ಸೇರಿದ್ದರು. ನನ್ನನ್ನು ಒಳಗೆ ಕರೆದುಕೊಂಡು, ತನ್ನನ್ನು ಮಾಮೋ ಎಂದು ಕರೆಯಬೇಕೆಂದಳು. ಮಾಮೋ ಎಂದರೆ ಅಜ್ಜಿ ಎಂದು ಆಮೇಲೆ ತಿಳಿಯಿತು. ಅಮ್ಮ ಬಾಗಿಲಲ್ಲೇ ನಿಂತು, ಮಾಂಸ ಬೇಡ, ಮೀನು ಬೇಡ, ಮೊಟ್ಟೆಯೂ ಬೇಡ ಎಂದು ಮೂರು ಸಲ ಹೇಳಿ ಹೋದಳು. ಮಾಮೋ ತುಂಬ ಗೌರವದಿಂದ ತಲೆಯಾಡಿಸಿದಳು. ಅವರ ಮತದಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚೆ ನಲವತ್ತು ದಿನ ಉಪವಾಸದ ಕಾಲವಂತೆ, ಆಗ ಮಾಂಸ ಬಿಡುತ್ತಾರಂತೆ. ನಮ್ಮ ಮನೆಯವರು ಆ ವ್ರತವನ್ನು ವರ್ಷಪೂರ್ತಿ ಹಿಡಿದಿರುವ ಮಹಾಭಕ್ತರು ಎಂದು ಅವಳು ಅಂದೇ ತೀರ್ಮಾನಿಸಿಬಿಟ್ಟಿದ್ದಳು. ನಾವಾಗಿ ತಿದ್ದಲಿಲ್ಲ.

ಅವಳ ಮನೆಯಲ್ಲೂ ಒಂದು ಕಾನೂನಿತ್ತು. ಮುಂದಿನ ಹಾಲಿನಲ್ಲಿ ಹಸಿರು ಕಾರ್ಪೆಟ್ಟು, ಅಡುಗೆಮನೆಯಲ್ಲಿ ಹಳದಿ ಲಿನೋಲಿಯಮ್ ನೆಲ. ಕಾರ್ಪೆಟ್ಟಿನ ಮೇಲೆ ಯಾವ ಭಾಷೆ ಬೇಕಾದರೂ ಆಡಬಹುದು. ಹಳದಿ ನೆಲದ ಮೇಲೆ ಕಾಲಿಟ್ಟರೆ ಇಂಗ್ಲಿಷ್ ಬಂದ್. ಮೊದಲ ದಿನ ನಾನು ಒಳಗೆ ಹೋಗಿ ಬ್ರೆಡ್ ಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆಗ ತಾನೇ ಒಲೆಯಿಂದ ತೆಗೆದ ಬ್ರೆಡ್ಡು, ಮನೆಯೆಲ್ಲ ಘಮಘಮ. ಮಾಮೋ ಮರದ ಸೌಟಿನಿಂದ ಮೇಜಿಗೆ ಟಕ್ ಎಂದು ಕುಟ್ಟಿದಳು. ಬ್ರೆಡ್ ತೋರಿಸಿ ‘ಅರಾನ್’ ಎಂದಳು. ಬೆಣ್ಣೆ ತೋರಿಸಿ ‘ಇಮ್’ ಎಂದಳು. ನಾನು ಸಿಟ್ಟು ಮಾಡಿಕೊಂಡು ಹೋಗಿ ಕಾರ್ಪೆಟ್ಟಿನ ಮೇಲೆ ಕೂತೆ. ಅವಳು ಕರೆಯಲಿಲ್ಲ, ರಮಿಸಲಿಲ್ಲ, ತನ್ನ ಪಾಡಿಗೆ ಏನೋ ಗುನುಗುತ್ತಾ ಆಲೂಗಡ್ಡೆ ಸುಲಿಯುತ್ತಿದ್ದಳು. ಒಂದು ಗಂಟೆಯಾದ ಮೇಲೆ ಹೊಟ್ಟೆ ಸೋತಿತು. ಹೊಸ್ತಿಲ ಹತ್ತಿರ ನಿಂತು ‘ಅರಾನ್’ ಎಂದೆ. ಎರಡು ಹೋಳು ಬಂತು, ಕೇಳದೆಯೇ ಬೆಣ್ಣೆಯೂ ಬಂತು. ಪೋಸ್ಟ್‌ಮನ್ ಬರಲಿ, ನಲ್ಲಿ ರಿಪೇರಿಯವನು ಬರಲಿ, ಚರ್ಚಿನ ಪಾದ್ರಿಯೇ ಬರಲಿ, ಆ ಸೌಟಿಗೆ ಎಲ್ಲರೂ ಒಂದೇ. ಭಾನುವಾರ ಬರುತ್ತಿದ್ದ ಅವಳ ಹಿರಿಮಗನಿಗೆ ಐರಿಷ್ ಬಾರದು, ಆ ಭಾರೀ ಆಸಾಮಿ ತಟ್ಟೆ ಹಿಡಿದುಕೊಂಡು ಹಾಲಿನಲ್ಲೇ ಕೂತು ತಿಂದು ಹೋಗುತ್ತಿದ್ದ.

ಮಾಮೋ ಒಂದು ದಿನವೂ ಪಾಠ ಅಂತ ಮಾಡಲಿಲ್ಲ. ಕೆಲಸ ಮಾಡುತ್ತಿದ್ದಳು, ಮಾಡಿಸುತ್ತಿದ್ದಳು, ಮಾಡುತ್ತಾ ಮಾತಾಡುತ್ತಿದ್ದಳು. ಹಿಟ್ಟಿಗೆ ಮಜ್ಜಿಗೆ ಹೊಯ್ಯುವಾಗ ಮಜ್ಜಿಗೆಯ ಮಾತು, ಬ್ರೆಡ್ಡಿನ ತಲೆಯ ಮೇಲೆ ಚಾಕುವಿನಿಂದ ಅಡ್ಡಡ್ಡ ಗೀರು ಹಾಕುವಾಗ ಅದರೊಳಗಿಂದ ದೆವ್ವ ಹೊರಗೆ ಹೋಗುವ ಮಾತು. ನಾನು ತಪ್ಪು ಆಡಿದರೆ ತಿದ್ದುತ್ತಿರಲಿಲ್ಲ, ಅದನ್ನೇ ಸರಿಯಾಗಿ, ತನಗೇ ಈಗ ಹೊಳೆಯಿತು ಎಂಬಂತೆ ಇನ್ನೊಮ್ಮೆ ಹೇಳುತ್ತಿದ್ದಳು. ಸೀನಿದರೆ ‘ಡೀಯ ಲಿನ್’ ಎನ್ನುತ್ತಿದ್ದಳು, ದೇವರು ನಮ್ಮ ಜೊತೆಗಿರಲಿ ಅಂತ. ಅಮ್ಮ ಮೊದಲೆಲ್ಲ ನಾನು ಸೀನಿದರೆ ‘ಚಿರಂಜೀವಿ’ ಎನ್ನುತ್ತಿದ್ದಳು, ರೆಫ್ರಿಜರೇಟರಿನ ಕಾಗದ ಬಂದ ಮೇಲೆ ‘ಬ್ಲೆಸ್ ಯೂ’ ಆಗಿತ್ತು. ನನಗೆ ಹೊಟ್ಟೆ ಹಸಿದಿದೆ ಎನ್ನಲು ಅವರು ‘ತಾ ಉಕ್ರಸ್ ಓರಮ್’ ಎನ್ನುತ್ತಾರೆ, ಹಸಿವು ನನ್ನ ಮೇಲೆ ಇದೆ ಎಂದು. ಹಸಿವು ತಾನಾಗಿ ಬಂದು ಮೇಲೆ ಕೂರುತ್ತದೆ, ನಾವೇನು ಅದನ್ನು ಮಾಡುವುದಿಲ್ಲ. ಅದು ನನಗೆ ಯಾರೂ ಹೇಳಿಕೊಡದೆಯೇ ಅರ್ಥವಾಯಿತು.

ಒಂದು ವರ್ಷ ಕಳೆಯುವಷ್ಟರಲ್ಲಿ ಬಿಡಿ ಪದಗಳು ಕೂಡಿಕೊಂಡು ಮಾತಾದವು, ಎರಡನೆಯ ವರ್ಷ ಮಾತು ಹರಟೆಯಾಯಿತು. ಮಾಮೋಳ ಊರಿನ ಕಡಲು, ದೋಣಿ, ಅವಳ ಅಪ್ಪ ಕದ್ದು ಕಾಯಿಸುತ್ತಿದ್ದ ಸಾರಾಯಿ, ಅವಳಕ್ಕ ಮದುವೆಯ ದಿನ ಕತ್ತೆಯಿಂದ ಬಿದ್ದದ್ದು, ಎಲ್ಲ ನನಗೆ ಅವಳಷ್ಟೇ ಗೊತ್ತಿತ್ತು. ನಾನೂ ಹೇಳುತ್ತಿದ್ದೆ. ಶಾಲೆಯಲ್ಲಿ ಯಾರು ಯಾರ ಜೊತೆ ಟೂ ಬಿಟ್ಟರು, ಟೀಚರಿನ ಕಾರಿಗೆ ಯಾವ ಹಕ್ಕಿ ಏನು ಮಾಡಿತು, ಅಪ್ಪ ರೊಟ್ಟಿ ಬಡಿಯಲು ಹೋಗಿ ಅದು ಯಾವ ದೇಶದ ಭೂಪಟವಾಯಿತು. ಮಾಮೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಮಾತು ಕಮ್ಮಿಯ ಮಗುವಲ್ಲ, ಹುಟ್ಟಾ ಬಾಯಿಬಡುಕಿ ಎಂದು ನನಗೆ ಗೊತ್ತಾದದ್ದು ಆ ಹಳದಿ ನೆಲದ ಮೇಲೆ. ಆ ಹುಡುಗಿ ನನಗೆ ತುಂಬ ಇಷ್ಟವಾದಳು. ಸಂಜೆ ಆರಕ್ಕೆ ಅಮ್ಮ ಬಾಗಿಲು ತಟ್ಟಿದಾಗ ಅವಳನ್ನು ಅಲ್ಲೇ ಬಿಟ್ಟು, ಸುಮ್ಮನಿರುವವಳು ಮನೆಗೆ ಬರುತ್ತಿದ್ದಳು.

ಬಾಗಿಲಾಚೆಯ ಈ ಸಂಗತಿ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಪ್ಪ ಅಮ್ಮ ಮುಂಬಾಗಿಲಲ್ಲೇ ಮಾಮೋಳ ಹತ್ತಿರ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಬರುತ್ತಿದ್ದರು, ಅಡುಗೆಮನೆ ಕಂಡವರಲ್ಲ. ಬಯಲಾದದ್ದು ಮೂರನೇ ಕ್ಲಾಸಿನಲ್ಲಿ. ಒಬ್ಬ ಹುಡುಗ ನನ್ನ ಪೆನ್ಸಿಲ್ ಬಾಕ್ಸು ಕಿತ್ತುಕೊಂಡ. ನಾನು ಎದ್ದು ನಿಂತು ಅವನಿಗೆ ಎರಡು ನಿಮಿಷ ಬಿಡದೆ ಐರಿಷಿನಲ್ಲಿ ಮಂಗಳಾರತಿ ಎತ್ತಿದೆ. ಕ್ಲಾಸು ಗಪ್‌ಚಿಪ್ಪಾಯಿತು. ಎರಡು ದಿನ ಬಿಟ್ಟು ಮನೆಗೆ ಒಂದು ಪತ್ರ ಬಂತು. ನಿಮ್ಮ ಮಗಳು ತರಗತಿಯಲ್ಲಿ ಮನೆಭಾಷೆ ಬಳಸುತ್ತಿದ್ದಾಳೆ, ದಯವಿಟ್ಟು ಹಿಂದೆ ಕೊಟ್ಟ ಸಲಹೆಯನ್ನು ಪಾಲಿಸಿ. ಅಪ್ಪ ಪತ್ರ ಹಿಡಿದುಕೊಂಡು ಅಡುಗೆಮನೆಗೆ ಬಂದರು.

“ಯೂ ಆರ್ ಸೀಕ್ರೆಟ್ಲಿ ಟಾಕಿಂಗ್ ಕನ್ನಡ ಟು ಹರ್!”

“ರೀ, ಆಣೆ ಮಾಡಿ ಹೇಳ್ತೀನಿ, ದೇವರನ್ನ ಬಿಟ್ಟು ಇನ್ಯಾರ ಹತ್ರಾನೂ ನಾನು ಕನ್ನಡದಲ್ಲಿ ಒಂದು ಮಾತಾಡಿಲ್ಲ!”

“ಸೀ? ನೌ ಆಲ್ಸೋ ಯೂ ಆರ್ ಟಾಕಿಂಗ್!”

“ಹಾಗಾದ್ರೆ ಇವತ್ತಿನ ಪಾತ್ರೆ ನಂದೇ ಅಂತ ಬರ್ಕೊಳ್ಳಿ! ಮೂರು ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೀನಿ, ಈಗ ಕಳ್ಳಿ ಅಂತೀರಾ?”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ, ಅದು ಮಾಮೋಳ ಭಾಷೆ ಎಂದುಬಿಟ್ಟೆ. ಅಪ್ಪ ನಂಬಲಿಲ್ಲ, ಆ ಹುಡುಗನಿಗೆ ಏನು ಬೈದೆಯೋ ಹಾಗೇ ಹೇಳು ಎಂದರು. ನಾನು ಹೇಳಿದೆ, ಪೂರ್ತಿ ಎರಡು ನಿಮಿಷ. ಅಪ್ಪ ಬಾಯಿ ಬಿಟ್ಟುಕೊಂಡು ಕೇಳಿದರು. ಒಂದು ಗಳಿಗೆ ಇದು ಕನ್ನಡವೇ ಇರಬೇಕು, ತನಗೇ ಮರೆತುಹೋಗಿದೆ ಎಂದು ಅವರಿಗೆ ಗಾಬರಿಯಾಯಿತಂತೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಇಂಗ್ಲಿಷಿಗೆ ಜಾಗವಾಗಲಿ ಎಂದು ಕನ್ನಡವನ್ನು ಖಾಲಿ ಮಾಡಿಸಿದರೆ, ಆ ಕೋಣೆಗೆ ಬೇರೆ ಯಾರೋ ಬಂದು ಸೇರಿಕೊಂಡಿದ್ದರು. ಅಪ್ಪ ತೀರ್ಮಾನ ಹೇಳಿದರು. ಜನವರಿಗೆ ಧಾರವಾಡದಿಂದ ಅವರ ಅವ್ವ ಬರುತ್ತಾರೆ, ಆರು ತಿಂಗಳು ಇರುತ್ತಾರೆ. ಮನೆಯಲ್ಲಿ ಜನವಿದ್ದ ಮೇಲೆ ಪಕ್ಕದ ಮನೆಗೆ ಹೋಗುವ ಅಗತ್ಯವಿಲ್ಲ. ಅಲ್ಲಿಗೆ ಮಾಮೋಳ ಮನೆ ಬಂದ್. ನಾನು ಅತ್ತೆ, ಊಟ ಬಿಟ್ಟೆ. ಮಾತಾಡುವ ಆ ಇನ್ನೊಬ್ಬ ಹುಡುಗಿ ಎಲ್ಲಿಗೆ ಹೋಗುತ್ತಾಳೆ ಎಂದು ಯಾರಿಗೂ ಹೊಳೆಯಲಿಲ್ಲ.

ಆಯಿ ಬಂದಳು. ಧಾರವಾಡದ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಎರಡು ಪೆಟ್ಟಿಗೆ ತುಂಬ ಜೋಳದ ಹಿಟ್ಟು, ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಬಂದವಳೇ ಸ್ನಾನ ಮಾಡಿ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದುಕೊಂಡು, ಕ್ಲಾಸೆಟ್ಟಿನಲ್ಲಿರುವ ದೇವರನ್ನು ನೋಡಿ, “ಏನೋ ಯಪ್ಪಾ, ದೇವರನ್ನ ಟವೆಲ್ಲಿನ ಮ್ಯಾಲ ಕುಂದರ್ಸೀರಿ?” ಎಂದಳು. ಆಯಿಗೆ ಇಂಗ್ಲಿಷ್ ಬಾರದ್ದರಿಂದ ಕಾನೂನಿನಿಂದ ಅವಳಿಗೆ ವಿನಾಯಿತಿ ಸಿಕ್ಕಿತು, ಉಳಿದವರಿಗೆ ಇಲ್ಲ. ಅವಳು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಏನೇನೋ ಕೇಳುತ್ತಿದ್ದಳು, ನಾನು ‘ಐ ಡೋಂಟ್ ನೋ’ ಎನ್ನುತ್ತಿದ್ದೆ. ಅವಳು ಅಮ್ಮನ ಮುಖ ನೋಡುತ್ತಿದ್ದಳು. ನನಗೆ ಅವಳ ಮಾತು ಮುಕ್ಕಾಲು ಪಾಲು ತಿಳಿಯುತ್ತಿತ್ತು, ಆದರೂ ಬೇಕೆಂದೇ ತಿಳಿಯದವಳಂತಿದ್ದೆ. ಅವಳು ಬಂದದ್ದರಿಂದಲೇ ತಾನೇ ನನಗೆ ಮಾಮೋಳ ಮನೆ ತಪ್ಪುವುದು. ಒಂದು ದಿನ ನನ್ನ ಜಡೆ ಹಾಕುತ್ತಾ, “ಯಾಕವಾ ಗಿರಿಜವ್ವ, ನನ್ನ ಕೂಡ ಮಾತಾಡಂಗಿಲ್ಲೇನು? ನಾ ಏನ್ ಮಾಡೇನಿ ನಿನಗ?” ಎಂದು ಕೇಳಿದಳು. ನಾನು ಕೇಳದವಳಂತೆ ಎದ್ದು ಹೋದೆ. ನನಗೆ ಬರೆಯಲು ನಾಚಿಕೆಯಾಗುವ ಸಂಗತಿಗಳು ಕೆಲವಿವೆ, ಅದರಲ್ಲಿ ಇದೂ ಒಂದು.

ಆದರೆ ತೀರ್ಮಾನ ಮಾಡುವುದು ಬೇರೆ, ಅದನ್ನು ಮಾಮೋಳಿಗೆ ಹೇಳುವುದು ಬೇರೆ. ಅಮ್ಮನಿಗೆ ಜ್ವರ ಬಂದಾಗ ಮೂರು ದಿನ ಬಂದು ಹಣೆಗೆ ಪಟ್ಟಿ ಹಾಕಿದವಳು ಮಾಮೋ. ಅಪ್ಪ ‘ನೀನು ಹೇಳು’ ಎನ್ನುವುದು, ಅಮ್ಮ ‘ತೀರ್ಮಾನ ನಿಮ್ಮದು, ನೀವೇ ಹೇಳಿ’ ಎನ್ನುವುದು, ಎಲ್ಲ ಇಂಗ್ಲಿಷಿನಲ್ಲೇ. ಹೀಗೆ ಜನವರಿ ಕಳೆದು ಫೆಬ್ರವರಿಯೂ ಬಂತು. ನಾನು ಮಾಮೂಲಿನಂತೆ ಶಾಲೆಯಿಂದ ನೇರ ಮಾಮೋಳ ಮನೆಗೆ ಹೋಗುತ್ತಿದ್ದೆ, ಆಯಿ ಕಿಟಕಿಯಲ್ಲಿ ಕೂತು ಮೊಮ್ಮಗಳು ತನ್ನ ಮನೆ ದಾಟಿ ಇನ್ನೊಂದು ಮನೆಗೆ ಹೋಗುವುದನ್ನು ನೋಡುತ್ತಿದ್ದಳು. ಕೊನೆಗೆ ಅಪ್ಪ ಮನಸ್ಸು ಗಟ್ಟಿ ಮಾಡಿದರು. ಈ ಬುಧವಾರ ಆಫೀಸಿನಿಂದ ಬೇಗ ಬಂದು ಹೇಳಿಯೇ ಬಿಡುತ್ತೇನೆ ಎಂದರು. ಮಂಗಳವಾರ ಬಚ್ಚಲಿನಲ್ಲಿ ಕನ್ನಡಿ ನೋಡಿಕೊಂಡು ‘ಮಿಸೆಸ್ ಕನೀಲಿ, ವಿ ಆರ್ ಎವರ್ ಸೋ ಗ್ರೇಟ್‌ಫುಲ್’ ಎಂದು ಅಭ್ಯಾಸ ಮಾಡಿದ್ದು ಮನೆಯವರಿಗೆಲ್ಲ ಕೇಳಿಸಿತು.

ಬುಧವಾರ ನಾನು ಶಾಲೆಯಿಂದ ಅಳುಮುಖ ಹೊತ್ತುಕೊಂಡು ಬರುತ್ತಿದ್ದೇನೆ, ಆಯಿ ಮನೆಯ ಹೊರಗೇ ನಿಂತಿದ್ದಾಳೆ. ಇಳಕಲ್ ಸೀರೆ, ಅದರ ಮೇಲೆ ಅಪ್ಪನ ಜಾಕೆಟ್ಟು, ಕಾಲುಚೀಲದ ಮೇಲೆ ಚಪ್ಪಲಿ, ಕೈಯಲ್ಲಿ ಒಂದು ಗಂಟು. ಮುಖದಲ್ಲಿ ಏನೋ ಸಂಭ್ರಮ.

“ಏ ಕೂಸ, ನಿನ್ನ ಆ ಮುದುಕಿ ನಮ್ಮ ಪೈಕಿನ ಅದಾಳಲ್ಲವಾ! ಮುಂಜಾನೆ ಅಂಗಳದಾಗ ನೋಡಿದೆ. ಹಣಿ ಮ್ಯಾಲ ಇಭೂತಿ! ಇಷ್ಟ ದಿವಸ ಯಾರೂ ಹೇಳಲೇ ಇಲ್ಲ ನೋಡು ನನಗ. ನಡಿ, ಮಾತಾಡಿಸಿಕೊಂಡು ಬರೂಣು.”

ಅಂದು ಅವರ ಉಪವಾಸದ ಕಾಲ ಶುರುವಾಗುವ ದಿನ. ಬೆಳಿಗ್ಗೆ ಚರ್ಚಿಗೆ ಹೋದವರ ಹಣೆಗೆ ಪಾದ್ರಿ ಬೂದಿ ಹಚ್ಚುತ್ತಾರೆ. ಆಯಿಗೆ ಬೇಲಿಯಾಚೆಯಿಂದ ಕಂಡದ್ದು ಅದು. ಅದನ್ನೆಲ್ಲ ವಿವರಿಸಲು ನನಗೆ ಕನ್ನಡವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಆಯಿ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು. ಹೇಗೂ ಕೊನೆಯ ದಿನ, ಯಾರು ಬಂದರೇನು ಎಂದು ನಾನೂ ಹೋದೆ. ಮಾಮೋ ಬಾಗಿಲು ತೆರೆದಳು. ಒಬ್ಬಳ ಹಣೆಯ ಮೇಲೆ ಬೂದಿಯ ಶಿಲುಬೆ, ಇನ್ನೊಬ್ಬಳ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ. ಇಬ್ಬರೂ ಒಬ್ಬರ ಹಣೆ ಒಬ್ಬರು ನೋಡಿದರು, ನೋಡಿ ಬಾಯಿ ತುಂಬ ನಕ್ಕರು. ಮಾಮೋ ಆಯಿಯನ್ನು ಹಾಲಿನಲ್ಲಿ ಕೂರಿಸಲಿಲ್ಲ, ತೋಳು ಹಿಡಿದು ಸೀದಾ ಅಡುಗೆಮನೆಗೆ ಕರೆದೊಯ್ದು ಬಿಸಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಬಂದದ್ದು ತುಂಬ ಸಂತೋಷ ಎಂದು ಐರಿಷಿನಲ್ಲಿ ಹೇಳಿದಳು. ನಾನು ಆಯಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದೆ.

ಟಕ್. ಸೌಟು ಮೇಜಿಗೆ ಬಿತ್ತು.

“ನಿನ್ನ ಅಜ್ಜಿಗೆ ಇಂಗ್ಲಿಷ್ ಬರುತ್ತದೆಯೇ?” ಮಾಮೋ ಕೇಳಿದಳು, ಐರಿಷಿನಲ್ಲಿ.

“ಇಲ್ಲ.”

“ನನಗೆ ಈ ಕೋಣೆಯಲ್ಲಿ ಬರುವುದಿಲ್ಲ. ಮತ್ತೆ ಯಾರಿಗೋಸ್ಕರ ಆಡುತ್ತಿದ್ದೀಯ? ಅವಳ ಮಾತಿನಲ್ಲೇ ಹೇಳು.”

“ನನಗೆ ಆ ಮಾತು ಬರಲ್ಲ, ಮಾಮೋ.”

“ಬ್ರೆಡ್ ಕೇಳೋಕೂ ಬರುತ್ತಿರಲಿಲ್ಲ ನಿನಗೆ.”

ಎಂದು ಬೆನ್ನು ತಿರುಗಿಸಿ ಚಹಾಕ್ಕೆ ನೀರಿಟ್ಟಳು. ಅತ್ತ ದರಿ, ಇತ್ತ ಪುಲಿ. ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ, “ಅವಳು... ನೀ ಬಂದಿ... ಖುಷಿ ಅಂತ,” ಎಂದೆ. ಆಯಿ ಕುರ್ಚಿಯಿಂದ ಅರ್ಧ ಎದ್ದವಳು ಮತ್ತೆ ಕೂತಳು. “ಹೌದೇನವ್ವ?” ಎಂದಳು, ಅಷ್ಟೇ. ಆಮೇಲೆ ನನ್ನನ್ನು ಹೊಗಳಿ ದೃಷ್ಟಿ ತಾಗಿಸುವ ಬದಲು ಅವಳು ಮಾಡಿದ್ದು ಬಲು ಜಾಣತನದ ಕೆಲಸ. ನನ್ನನ್ನು ನೋಡುವುದನ್ನೇ ಬಿಟ್ಟು, ಮಾಮೋಳ ಕಡೆ ತಿರುಗಿ ಪ್ರಶ್ನೆಗಳ ಸುರಿಮಳೆಗರೆದಳು. ನನಗೆ ನಾಚಿಕೊಳ್ಳಲು ಪುರುಸೊತ್ತೇ ಸಿಗಲಿಲ್ಲ. ನೀವು ದಿನಾ ಯಾಕೆ ಹಚ್ಚುವುದಿಲ್ಲ? ವರ್ಷಕ್ಕೆ ಒಂದೇ ದಿನವಂತೆ. ಅಯ್ಯೋ ಪಾಪ, ಈ ದೇಶದಲ್ಲಿ ವಿಭೂತಿ ಸಿಗುವುದಿಲ್ಲವೇನೋ ಎಂದು ಆಯಿ ಗಂಟು ಬಿಚ್ಚಿ, ರೊಟ್ಟಿ, ಚಟ್ನಿ ಪುಡಿಯ ಜೊತೆ ಒಂದು ವಿಭೂತಿ ಗಟ್ಟಿಯನ್ನೇ ಕೊಟ್ಟಳು. ಮಾಮೋ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ವರ್ಷವೆಲ್ಲ ಉಪವಾಸ ಮಾಡುವವರ ಮನೆಯ ಬೂದಿ ಎಂದು ಕಣ್ಣಿಗೊತ್ತಿಕೊಂಡಳು. ಇಬ್ಬರನ್ನೂ ನಾನು ತಿದ್ದಲಿಲ್ಲ, ಆಯಿಯನ್ನು ತಿದ್ದುವಷ್ಟು ಕನ್ನಡವಿರಲಿಲ್ಲ, ಮಾಮೋಳನ್ನು ತಿದ್ದುವ ಮನಸ್ಸಿರಲಿಲ್ಲ. ನನ್ನ ಬಾಯಿಂದ ಬರುತ್ತಿದ್ದದ್ದು ಮೈಸೂರಿನ ಕನ್ನಡವಲ್ಲ, ಎರಡು ತಿಂಗಳಿಂದ ಕಿವಿಯ ಹತ್ತಿರ ಆಯಿ ಆಡಿದ್ದೇ ಹಾಗೆ ಹಾಗೇ ವಾಪಸು ಬರುತ್ತಿತ್ತು. ತಡವರಿಸಿದಾಗ ಆಯಿ ಆ ಪದವನ್ನು ಮೆಲ್ಲಗೆ ಮುಂದಿಡುತ್ತಿದ್ದಳು, ತಿದ್ದುತ್ತಿರಲಿಲ್ಲ.

“ಮಕ್ಕಳೆಷ್ಟು ಮಂದಿ ಅಂತ ಕೇಳು,” ಎಂದಳು ಆಯಿ.

ಐವರು ಎಂದಳು ಮಾಮೋ. ಎಲ್ಲರೂ ಚೆನ್ನಾಗಿದ್ದಾರೆ. ಹಿರಿಯವನು ಭಾನುವಾರ ಬರುತ್ತಾನೆ.

“ನಿನ್ನ ಕೂಡ ಹಿಂಗ ಮಾತಾಡ್ತಾರೇನು, ನಮ್ಮ ಕೂಸಿನಗತೆ?”

ಇದನ್ನು ನಾನು ಐರಿಷಿನಲ್ಲಿ ಹೇಳಿದಾಗ ಮಾಮೋ ಚಹಾ ಕಲಕತೊಡಗಿದಳು. ಆಮೇಲೆ ನಿಧಾನವಾಗಿ, ನಾನು ಹೇಳಲು ಅನುಕೂಲವಾಗಲೆಂದು ತುಂಡು ತುಂಡಾಗಿ ಹೇಳಿದಳು. ಈ ದೇಶಕ್ಕೆ ಬಂದಾಗ ಎಲ್ಲರೂ ಹೇಳಿದರು, ಮಕ್ಕಳು ಮುಂದೆ ಬರಬೇಕಾದರೆ ನಿನ್ನ ಭಾಷೆ ಅವರ ಕಿವಿಗೆ ಬೀಳಬಾರದು ಅಂತ. ನಾನು ಬಾಯಿ ಮುಚ್ಚಿಕೊಂಡೆ. ಮಕ್ಕಳು ಮುಂದೆ ಬಂದರು. ನನ್ನ ನಗೆಚಾಟಿಕೆ ಅವರಿಗೆ ಗೊತ್ತಿಲ್ಲ, ನನ್ನ ಸಿಟ್ಟು ಗೊತ್ತಿಲ್ಲ. ನನ್ನ ಮಕ್ಕಳಿಗೆ ನಾನು ಅರ್ಧ ಮಾತ್ರ ಗೊತ್ತು. ಅವರೆಲ್ಲ ಹೋದ ಮೇಲೆ ಈ ಅಡುಗೆಮನೆಗೆ ಕಾನೂನು ಮಾಡಿದೆ. ತಡವಾಯಿತು.

ನಾನು ಆಯಿಗೆ ಹೇಳಿದೆ. ಎಷ್ಟು ಸರಿಯಾಗಿ ಹೇಳಿದೆನೋ ಕಾಣೆ. ಆದರೆ “ಮಕ್ಕಳಿಗೆ ಅವಳು ಅರ್ಧಾ ಅಷ್ಟ ಗೊತ್ತಂತ” ಎಂದದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ಹೇಳುವಾಗ ನನಗೆ ಕ್ಲಾಸೆಟ್ಟಿನ ಮುಂದೆ ಪಿಸುಗುಡುವ ಅಮ್ಮ ಕಣ್ಣಿಗೆ ಕಟ್ಟಿದಳು. ನನಗೆ ಅಮ್ಮ ಅರ್ಧವೂ ಗೊತ್ತಿರಲಿಲ್ಲ. ಆಯಿ ಸೆರಗಿನಿಂದ ಮೂಗೊರೆಸಿಕೊಂಡು, ಮೇಜಿನ ಮೇಲಿದ್ದ ಮಾಮೋಳ ಕೈ ಮೇಲೆ ಕೈಯಿಟ್ಟು ಕೂತಳು. ಆ ಕೈ ಹಾಗೇ ಇದ್ದಾಗ ಮುಂಬಾಗಿಲು ಬಡಿದ ಸದ್ದಾಯಿತು.

ಅಪ್ಪ. ಟೈ, ಜೇಬಿಗೆ ಆಫೀಸಿನ ಬ್ಯಾಡ್ಜು. ಮನೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ ಗಾಬರಿಯಿಂದ ಬಂದಿದ್ದರು. ಹಸಿರು ಕಾರ್ಪೆಟ್ಟು ದಾಟಿ ಹಳದಿ ನೆಲದ ಮೇಲೆ ಒಂದು ಕಾಲಿಟ್ಟು, ಗಂಟಲು ಸರಿಮಾಡಿಕೊಂಡರು.

“ಮಿಸೆಸ್ ಕನೀಲಿ, ವಿ ಆರ್ ಎವರ್ ಸೋ...”

ಟಕ್.

ಅಪ್ಪ ಬೆಚ್ಚಿದರು. ಇನ್ನೊಮ್ಮೆ ಬಾಯಿ ತೆರೆದರು, ಸೌಟು ಇನ್ನೊಮ್ಮೆ ಎದ್ದಿತು. ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದ ಆಯಿ, “ಇಲ್ಲೆ ಇಂಗ್ಲಿಷ್ ನಡಿಯಂಗಿಲ್ಲಂತೋ,” ಎಂದಳು, ಎಷ್ಟೋ ವರ್ಷದಿಂದ ಆ ಮನೆಯಲ್ಲೇ ಇದ್ದವಳ ಹಾಗೆ. ಅಪ್ಪ ಒಬ್ಬೊಬ್ಬರನ್ನೇ ನೋಡಿದರು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಮಾತೆಲ್ಲ ಬಾಯಿಯಲ್ಲೇ ಉಳಿಯಿತು. ಹೇಳದೆ ಹೋಗುವ ಹಾಗಿಲ್ಲ, ಹೇಳಲು ದಾರಿಯಿಲ್ಲ. ಟೈ ಸಡಿಲಿಸಿಕೊಂಡರು. ಕೊನೆಗೆ ನನ್ನ ಕಡೆ ತಿರುಗಿ, ಮೂರೂವರೆ ವರ್ಷದಲ್ಲಿ ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು. ದನಿ ಬೇರೆಯೇ ಇತ್ತು, ಚಿಕ್ಕವರಾದ ಹಾಗೆ.

“ಇವರಿಗೆ ಹೇಳವ್ವ... ನಾಳಿಂದ ನೀ ಇಲ್ಲಿಗೆ ಬರಂಗಿಲ್ಲ ಅಂತ.”

ಮಾಮೋ ನನ್ನ ಕಡೆ ನೋಡಿದಳು, ಏನಂತೆ ಎಂಬಂತೆ. ಆಯಿ ಬಸಿ ಕೆಳಗಿಟ್ಟಳು. ಆ ಮಾತನ್ನು ಐರಿಷಿನಲ್ಲಿ ಹೇಳಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಸಿಟ್ಟಿನಲ್ಲಿ ಹತ್ತಿರವಿದ್ದ ಮಾತೇ ಬಾಯಿಗೆ ಬಂತು.

“ನಾ ಹೇಳಂಗಿಲ್ಲ!”

ಅಪ್ಪ ಬೈಯುತ್ತಾರೆ ಎಂದುಕೊಂಡೆ. ಅವರ ಕಣ್ಣು ನನ್ನ ಮುಖದಿಂದ ಆಯಿಯ ಮುಖಕ್ಕೆ ಹೋಗಿ ಮತ್ತೆ ನನ್ನಲ್ಲಿಗೆ ಬಂತು.

“ಏನಂದಿ?”

“ನಾ ಹೇಳಂಗಿಲ್ಲ. ನಾ ಇಲ್ಲಿಗೆ ಬರಾಕಿನ!”

“ಇನ್ನೊಮ್ಮೆ ಅನ್ನು,” ಎಂದರು ಅಪ್ಪ. ಅವರವ್ವನ ಮಾತನ್ನು ನನ್ನ ಬಾಯಿಂದ ಅವರು ಕೇಳಿದ್ದು ಅದೇ ಮೊದಲು.

ಮಾಮೋ ಮೆಲ್ಲಗೆ, ನಿಮ್ಮಪ್ಪ ಏನು ಕೇಳುತ್ತಿದ್ದಾರೆ ಎಂದಳು. ಚಹಾ ಎಂದೆ. ಅವಳು ಇನ್ನೊಂದು ಬಟ್ಟಲು ತೆಗೆದಳು. ನಾನು ಮೂರನೇ ಸಲ ‘ಹೇಳಂಗಿಲ್ಲ’ ಎಂದು ಕೂಗುವಷ್ಟರಲ್ಲಿ ಅಪ್ಪ ಬೂಟು ಬಿಚ್ಚಿಟ್ಟು ಬಂದು ಅವರವ್ವನ ಪಕ್ಕ ಕೂತಿದ್ದರು.